ಬಳಕೆಯೂ ತೊಡಿಗೆಯೂ: ಮೈಮೇಲಣ ಯಂತ್ರಗಳನ್ನು ಜನರು ಒಪ್ಪುವ ವಿಚಾರ

ಕೈಗೆ ಕಟ್ಟುವ ಸ್ಮಾರ್ಟ್ ಗಡಿಯಾರ, ನಾಡಿಯ ಬಡಿತವನ್ನು ಎಣಿಸುವ ಪಟ್ಟಿ, ಕ್ಯಾಮೆರಾವನ್ನು ಒಳಗೊಂಡ ಕನ್ನಡಕ—ಇಂತಹ ಮೈಮೇಲಣ ಯಂತ್ರಗಳನ್ನು ಜನರು ಏತಕ್ಕೆ ಒಪ್ಪುವರು, ಏತಕ್ಕೆ ಒಲ್ಲೆನ್ನುವರು ಎಂಬ ವಿಷಯದಲ್ಲಿ ಈಚೆಗೆ ಲೇಖನಗಳು ಹೇರಳವಾಗಿ ಹೊರಟಿವೆ. ಇವುಗಳಲ್ಲಿ ಅನೇಕವು ಆಧಾರವಾಗಿ ಹಿಡಿದಿರುವುದು ಅಮೆರಿಕದ ವಿದ್ವಾಂಸರಾದ ಫ್ರೆಡ್ ಡೇವಿಸ್ ಅವರು ೧೯೮೯ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು. ಯಂತ್ರವು ತನಗೆ ಉಪಯುಕ್ತವೆಂಬ ಎಣಿಕೆ ಒಂದು, ಅದನ್ನು ನಡೆಸುವುದು ಸುಲಭವೆಂಬ ಎಣಿಕೆ ಇನ್ನೊಂದು; ಮನುಷ್ಯನ ಒಪ್ಪಿಗೆಯು ಮುಖ್ಯವಾಗಿ ಇವೆರಡನ್ನು ಅವಲಂಬಿಸಿರುವುದೆಂಬುದು ಅದರ ತಿರುಳು. ಹುಟ್ಟಿದ ಎಡೆಯಲ್ಲಿ ಈ ಸಿದ್ಧಾಂತಕ್ಕೆ ಬಲವುಂಟು. ಮೈಮೇಲಣ ಯಂತ್ರಗಳಿಗೆ ಅದನ್ನು ಹಾಗೆಯೇ ಹೊಂದಿಸುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಅದು ಹುಟ್ಟಿದ್ದಾದರೂ ಎಲ್ಲಿ? ಡೇವಿಸ್ ಅವರ ಮೊದಲನೆಯ ಪರೀಕ್ಷೆಗೆ ಒಳಪಟ್ಟವರು ಐ.ಬಿ.ಎಂ. ಸಂಸ್ಥೆಯ ಟೊರಾಂಟೊ ಪ್ರಯೋಗಶಾಲೆಯ ೧೧೨ ಮಂದಿ. ವಿಚಾರಕ್ಕೆ ಬಂದವು ಇ-ಅಂಚೆಯೂ ಕಡತಗಳನ್ನು ತಿದ್ದುವ ಒಂದು ತಂತ್ರಾಂಶವೂ. ಉಪಯುಕ್ತತೆಗೆ ಬಳಕೆಯೊಡನೆ ಕಂಡ ಸಹಸಂಬಂಧ ೦.೬೩, ಸುಲಭತೆಗೆ ೦.೪೫. ಉಪಯುಕ್ತತೆಯೆಂದರೆ ಉದ್ಯೋಗದಲ್ಲಿ ಕೆಲಸವು ಮೇಲಾಗುವುದು ಎಂದೇ ಅವರು ಲಕ್ಷಣ ಹೇಳಿದ್ದಾರೆ. ಕಚೇರಿಯ ಮೇಜಿನ ಮೇಲಿನ ಯಂತ್ರಕ್ಕೆ ಇಷ್ಟು ಸಾಕು. ಅದನ್ನು ಬೀದಿಯಲ್ಲಿ ಯಾರೂ ನೋಡುವುದಿಲ್ಲ.

ಈ ಭೇದವನ್ನು ನಮ್ಮ ನುಡಿಯೇ ಬಲ್ಲುದು. ಪಂಚೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಗಡಿಯಾರವನ್ನು ಕಟ್ಟಿಕೊಳ್ಳುತ್ತೇವೆ. ಇವನ್ನೆಲ್ಲ 'ಬಳಸುತ್ತೇವೆ' ಎಂದರೆ ಕಿವಿಗೆ ಒಪ್ಪದು. ತೊಟ್ಟ ವಸ್ತುವು ತೊಟ್ಟವನಿಗಿಂತ ಎದುರಿನವನಿಗೆ ಹೆಚ್ಚಾಗಿ ಕಾಣುತ್ತದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯೂರೋಪಿನಲ್ಲಿ ಕೈಗಡಿಯಾರವು ಹೆಂಗಸರ ಒಡವೆಯೆನಿಸಿದ್ದಿತು. ಗಂಡಸರಿಗೆ ಜೇಬುಗಡಿಯಾರವೇ ಗೌರವ. ಕಂದಕಗಳಲ್ಲಿ ಅದರ ಪ್ರಯೋಜನವು ಸಿದ್ಧವಾಯಿತೆಂಬುದು ನಿಜವೇ. ಆದರೆ ಶಾಂತಿಯ ಕಾಲದಲ್ಲಿಯೂ ಅದು ಗಂಡಸರ ಕೈಯಲ್ಲಿ ನಿಂತದ್ದು ಸೈನಿಕನ ಕೈಯಲ್ಲಿ ಅದನ್ನು ಕಂಡ ಲೋಕದ ದೃಷ್ಟಿಯು ಬದಲಾದುದರಿಂದ.

ಗೂಗಲ್ ಸಂಸ್ಥೆಯ 'ಗ್ಲಾಸ್' ಎಂಬ ಕನ್ನಡಕದ ಚರಿತ್ರೆಯು ಇದಕ್ಕೆ ಸ್ಪಷ್ಟವಾದ ನಿದರ್ಶನ. ೨೦೧೩ರಲ್ಲಿ ೧,೫೦೦ ಡಾಲರುಗಳ ಬೆಲೆಗೆ ಆಯ್ದ ಕೆಲವರ ಕೈಸೇರಿದ ಈ ಕನ್ನಡಕದ ಮಾರಾಟವು ೨೦೧೫ರ ಜನವರಿಯಲ್ಲಿ ನಿಂತಿತು. ಬೆಲೆಯೂ ಅಧಿಕ, ಪ್ರಯೋಜನವೂ ಅಸ್ಪಷ್ಟ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಿಯಾಟಲ್ ನಗರದ ಒಂದು ಪಾನಗೃಹವು, ಕನ್ನಡಕವು ಹೊರಬರುವುದಕ್ಕೆ ಮೊದಲೇ, ಅದನ್ನು ತೊಟ್ಟವರಿಗೆ ಪ್ರವೇಶವಿಲ್ಲವೆಂದು ಸಾರಿತು. ಅಲ್ಲಿ ನಿರಾಕರಿಸಿದವನು ಗ್ರಾಹಕನಲ್ಲ. ಕ್ಯಾಮೆರಾದ ಎದುರಿಗೆ ಸಿಕ್ಕುವವನು. ಅದೇ ಕನ್ನಡಕವು ೨೦೧೭ರಲ್ಲಿ ಕಾರ್ಖಾನೆಗಳಿಗೆಂದು ಮತ್ತೆ ಬಂದು ೨೦೨೩ರವರೆಗೆ ಮಾರಾಟದಲ್ಲಿದ್ದಿತು. ಬೋಯಿಂಗ್ ಕಂಪೆನಿಯ ಕೆಲಸಗಾರರು ವಿಮಾನದ ತಂತಿಗಳನ್ನು ಜೋಡಿಸುವಾಗ ಅದನ್ನು ಪ್ರಯೋಗಿಸಿದರು. ಅಲ್ಲಿ ಅದು ಉಪಕರಣ. ಡೇವಿಸ್ ಅವರ ಲಕ್ಷಣವು ಅಲ್ಲಿ ಅಕ್ಷರಶಃ ಸಲ್ಲುತ್ತದೆ.

ವೆಂಕಟೇಶ್, ಡೇವಿಸ್ ಮೊದಲಾದವರು ೨೦೦೩ರಲ್ಲಿ ರಚಿಸಿದ ವಿಸ್ತೃತ ಸಿದ್ಧಾಂತದಲ್ಲಿ 'ಸಾಮಾಜಿಕ ಪ್ರಭಾವ'ವೂ ಸೇರಿದೆಯಲ್ಲವೇ, ೨೦೧೨ರಲ್ಲಿ ಬೆಲೆ, ಸಂತೋಷ, ಅಭ್ಯಾಸಗಳನ್ನೂ ಕೂಡಿಸಿದರಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ಸೇರಿವೆ. ಆದರೆ ಆ ಪ್ರಭಾವವೆಂಬುದು 'ಇದನ್ನು ಬಳಸು' ಎಂದು ತನಗೆ ಬೇಕಾದವರು ಬಯಸುವರೆಂಬ ಭಾವನೆ ಮಾತ್ರ. ಬೀದಿಯಲ್ಲಿ ಎದುರಾಗುವ ಅಪರಿಚಿತನು ಅದರಲ್ಲಿ ಬರುವುದಿಲ್ಲ. ಇಂತಹ ಪ್ರಶ್ನಾವಳಿಗಳು ಬಹುಮಟ್ಟಿಗೆ ತೊಡುವವನನ್ನೇ ಕೇಳುತ್ತವೆ, ಅದೂ ಎಷ್ಟೋ ವೇಳೆ ಅವನು ಇನ್ನೂ ತೊಡದಿರುವಾಗ!

೨೦೨೧ರಲ್ಲಿ ಫೇಸ್‌ಬುಕ್ ಸಂಸ್ಥೆಯು ಪರಿಚಿತವಾದ ರೇ-ಬ್ಯಾನ್ ಕನ್ನಡಕದ ರೂಪದಲ್ಲಿಯೇ ಕ್ಯಾಮೆರಾವನ್ನು ಅಡಗಿಸಿ ಮಾರಿತು. ಚಿತ್ರ ತೆಗೆಯುವಾಗ ಹೊತ್ತಿಕೊಳ್ಳುವ ಸಣ್ಣ ದೀಪವೊಂದನ್ನೂ ಇಟ್ಟಿತ್ತು. ಆ ದೀಪವು ಎದುರಿನವರಿಗೆ ನಿಜವಾಗಿಯೂ ಕಾಣುತ್ತದೆಯೇ ಎಂದು ಐರ್ಲೆಂಡ್, ಇಟಲಿಗಳ ಮಾಹಿತಿರಕ್ಷಣಾಧಿಕಾರಿಗಳು ಅದೇ ವರ್ಷ ಪ್ರಶ್ನಿಸಿದರು. ೨೦೨೩ರ ಹೊಸ ಮಾದರಿಯಲ್ಲಿ ದೀಪವನ್ನು ಹಿಗ್ಗಿಸಲಾಯಿತು.