ದೂರೂ ಒಂದು ಪ್ರಾರ್ಥನೆಯೇ

ದುಃಖವನ್ನು ಕುರಿತು ಬರೆಯುವುದು ಬೇರೆ, ದುಃಖದೊಳಗೆ ಕುಳಿತು ಬರೆಯುವುದು ಬೇರೆ. ಇಂಗ್ಲಿಷ್ ಸಾಹಿತಿ ಸಿ. ಎಸ್. ಲೂಯಿಸ್ ಎರಡನ್ನೂ ಮಾಡಿದವರು. 1940ರ ‘ದಿ ಪ್ರಾಬ್ಲಮ್ ಆಫ್ ಪೇನ್’ ಕೃತಿಯಲ್ಲಿ, ಕರುಣಾಮಯನಾದ ದೇವರ ಸೃಷ್ಟಿಯಲ್ಲಿ ನೋವೇಕೆ ಎಂಬ ಪ್ರಶ್ನೆಗೆ ಅವರು ತರ್ಕದಿಂದ ಉತ್ತರಿಸಿದ್ದರು. 1960ರ ಜುಲೈಯಲ್ಲಿ ಪತ್ನಿ ಜಾಯ್ ಕ್ಯಾನ್ಸರಿನಿಂದ ಮೃತರಾದಾಗ ಆ ತರ್ಕ ಸಾಲದಾಯಿತು. ಮನೆಯಲ್ಲಿ ಖಾಲಿ ಉಳಿದಿದ್ದ ನೋಟುಪುಸ್ತಕಗಳಲ್ಲಿ ತಮ್ಮ ಅಳಲನ್ನು ಬರೆಯತೊಡಗಿದರು. ಅದೇ 1961ರಲ್ಲಿ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ‘ಎ ಗ್ರೀಫ್ ಅಬ್ಸರ್ವ್ಡ್’.

ಈ ಕಿರುಹೊತ್ತಗೆಯ ಮೊದಲ ಪುಟಗಳಲ್ಲಿ ಸ್ತುತಿಗಿಂತ ದೂರೇ ಹೆಚ್ಚು. ಅಗತ್ಯವಿದ್ದಾಗಲೇ ದೇವರು ಮೌನವಾದನೆಂಬ ಸಂಕಟವನ್ನು ಲೇಖಕರು ಮರೆಮಾಚುವುದಿಲ್ಲ. ಆದರೆ ಬರೆಯುತ್ತ ಹೋದಂತೆ ತಮ್ಮ ಮಾತನ್ನೇ ಪರೀಕ್ಷಿಸುತ್ತಾರೆ. ತಾನು ನೆನೆಯುತ್ತಿರುವುದು ಪತ್ನಿಯನ್ನೋ, ತನ್ನ ಮನಸ್ಸು ಕಟ್ಟಿಕೊಂಡ ಆಕೆಯ ಚಿತ್ರವನ್ನೋ? ಟಿಪ್ಪಣಿಗಳಲ್ಲಿ ತನಗೇ ಮೊದಲ ಸ್ಥಾನ, ದೇವರಿಗೆ ಕೊನೆಯದು ಎಂಬುದೂ ಅವರಿಗೆ ಹೊಳೆಯುತ್ತದೆ. ಮನದೊಳಗೇ ಸುತ್ತುವ ವ್ಯಥೆ ತನ್ನನ್ನು ತಾನು ಕಾಣಲಾರದು. ಹಾಳೆಗಿಳಿದ ವ್ಯಥೆಯನ್ನು ಮರುದಿನ ಓದಬಹುದು, ತಿದ್ದಬಹುದು. ನಾಲ್ಕನೆಯ ಪುಸ್ತಕ ತುಂಬಿದ ಮೇಲೆ ಹೊಸದನ್ನು ಕೊಳ್ಳುವುದಿಲ್ಲವೆಂಬ ಅವರ ನಿರ್ಧಾರವೂ ವಿವೇಕದ್ದು. ಬರಹವು ದುಃಖವನ್ನು ಸಾಕುವ ಚಟವಾಗಬಾರದಲ್ಲವೆ?

ಕೃತಿಯಲ್ಲಿ ಕೊರತೆಯೂ ಉಂಟು. ಅದೇ ಮನೆಯಲ್ಲಿ ತಾಯಿಯನ್ನು ಕಳೆದುಕೊಂಡ ಇಬ್ಬರು ಬಾಲಕರಿದ್ದರು. ಅವರ ಅಳಲಿಗೆ ಇಲ್ಲಿ ದೊರೆತಿರುವ ಎಡೆ ಅತ್ಯಲ್ಪ. ಲೇಖನಿ ಒಬ್ಬನ ಎದೆಯನ್ನು ಹಗುರಗೊಳಿಸೀತು. ಪಕ್ಕದಲ್ಲಿ ಕುಳಿತ ಮಗುವಿನ ಕಣ್ಣೀರನ್ನು ಒರೆಸಲು ಕೈಯೇ ಬೇಕು.

1986ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಆಘಾತಗಳ ಬಗ್ಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಘಟನೆಯೊಂದಿಗೆ ಭಾವನೆಯನ್ನೂ ಬರೆದವರಿಗೆ ಆ ಕ್ಷಣ ಮನಸ್ಸು ಭಾರವಾದರೂ, ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಇತರರಿಗಿಂತ ಕಡಿಮೆ.

ಪವಿತ್ರ ಬೈಬಲ್ ಈ ದಾರಿಯನ್ನು ಎಂದೋ ತೆರೆದಿಟ್ಟಿದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಧರ್ಮಸಭೆ ಅದನ್ನು ಶುಕ್ರವಾರದ ರಾತ್ರಿಯ ಪ್ರಾರ್ಥನೆಯಲ್ಲಿ ಉಳಿಸಿಕೊಂಡಿದೆ. ದೂರುವವನೂ ದೇವರತ್ತಲೇ ಮುಖಮಾಡಿದ್ದಾನೆ ಎಂಬುದನ್ನು ಅದು ಬಲ್ಲದು. ಸಾವಿನ ಮನೆಗೆ ಹೋದಾಗ ‘ಎಲ್ಲ ದೇವರ ಚಿತ್ತ’ ಎಂದು ಅವಸರದಲ್ಲಿ ಹೇಳಿ ಎದ್ದುಬರುವ ನಾವು ಇದನ್ನು ನೆನೆಯಬೇಕು. ನೊಂದವರು ಮಾತನಾಡಲಿ, ಇಷ್ಟವಿದ್ದರೆ ಬರೆಯಲಿ. ವಾರಗಟ್ಟಲೆ ನಿದ್ರೆಯಿಲ್ಲದೆ, ಬದುಕೇ ಬೇಡವೆನ್ನುವವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಕ್ರೈಸ್ತ ಪ್ರೀತಿಯ ಕಾಯಕವೇ.