ತಂತ್ರಜ್ಞಾನ ಪುಟದ ಗದ್ಯ

ವಾರಕ್ಕೊಮ್ಮೆ ನಮ್ಮ ದಿನಪತ್ರಿಕೆಗಳಲ್ಲಿ ಬರುವ ತಂತ್ರಜ್ಞಾನದ ಪುಟವನ್ನು ಬೆಲೆಪಟ್ಟಿಯೆಂದು ಓದುವವರು ಬಹಳ. ಅದನ್ನು ಗದ್ಯವೆಂದು ಓದಿ ಗುಣದೋಷ ಹೇಳಿದವರು ನಾನು ಕಂಡಂತೆ ವಿರಳ. ಕತೆ, ಕಾದಂಬರಿ, ಕವಿತೆಗಳ ವಿಮರ್ಶೆ ನಡೆಯುವ ಈ ಪುರವಣಿಯಲ್ಲಿ ಮೊಬೈಲ್ ಫೋನಿನ ಸುದ್ದಿಗೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಇಂದು ಸಾಮಾನ್ಯ ಕನ್ನಡಿಗನು ದಿನದಲ್ಲಿ ಹೆಚ್ಚು ಸಲ ಓದುವ ಕನ್ನಡವು ಕವಿಯದೂ ಅಲ್ಲ, ಕಾದಂಬರಿಕಾರನದೂ ಅಲ್ಲ. ಅಂಗೈಯ ಪರದೆಯ ಮೇಲಿನ ಗುಂಡಿಗಳದು, ಮತ್ತು ಆ ಪರದೆಯನ್ನು ಬಣ್ಣಿಸುವ ವರದಿಗಳದು. ಇಷ್ಟೊಂದು ಓದಲ್ಪಡುವ ಬರವಣಿಗೆಯನ್ನು ಮುಟ್ಟದೆ ದೂರ ನಿಲ್ಲುವುದು ವಿಮರ್ಶೆಯ ಮಡಿವಂತಿಕೆಯೆಂದು ನನಗನಿಸುತ್ತದೆ. ನನ್ನ ಮಡಿ ಹೋದುದು ಖಾನಾಪುರದಲ್ಲಿ.

ಖಾನಾಪುರದ ಮಣ್ಣು ಹೆಸರುವಾಸಿಯಾದುದು. ಅಲ್ಲಿಯ ಗಡಿಗೆ, ಹಂಚುಗಳನ್ನು ಕಾಣದ ಮನೆ ಬೆಳಗಾವಿಯಲ್ಲಿ ಅಪರೂಪ. ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆಯ ಕೇಂದ್ರ ಸಂಸ್ಥೆ ಇರುವುದೂ ಆ ಊರಲ್ಲೇ. ನನ್ನ ಚಿಗವ್ವನ ಮನೆಯಲ್ಲಿ ಇಂದಿಗೂ ದೀಪಾವಳಿಗೆ ಹಣತೆ ಮಾಡಿ ಮಾರುತ್ತಾರೆ. 2023ರ ದೀಪಾವಳಿಗೆ ಎಂಟು ದಿನ ಮುಂಚೆ ಅವಳಿಗೊಂದು ಕರೆ ಬಂತು. ತಾನು ಬೆಳಗಾವಿ ಕ್ಯಾಂಪಿನ ಸೈನ್ಯದವನೆಂದೂ ಸಾವಿರ ಹಣತೆ ಬೇಕೆಂದೂ ಮುಂಗಡವನ್ನು ಈಗಲೇ ಕಳಿಸುವೆನೆಂದೂ ಕರೆದವನು ಹೇಳಿದ. ಮರಾಠಾ ಲಘು ಪದಾತಿದಳದ ಊರಿನಲ್ಲಿ ಸೈನ್ಯದ ಹೆಸರು ಹೇಳಿದರೆ ಯಾರು ಅನುಮಾನಪಟ್ಟಾರು? ಪರದೆಯ ಮೇಲೆ ‘ವಿನಂತಿ’ ಬಂತು. ಕೆಳಗೆ ‘ಸ್ವೀಕರಿಸಿ’ ಎಂಬ ಗುಂಡಿ. ಒತ್ತಿದಳು. ಗುಪ್ತ ಅಂಕಿ ಕೇಳಿತು, ಕೊಟ್ಟಳು. 1,800 ರೂಪಾಯಿ ಬರುವ ಬದಲು ಹೋಯಿತು. ತಪ್ಪಾಗಿದೆ, ಇನ್ನೊಮ್ಮೆ ಒತ್ತಿರಿ, ಎರಡೂ ಕೂಡಿ ಮರಳಿ ಬರುತ್ತದೆ ಎಂದ ಆತ. ಇನ್ನೊಮ್ಮೆ 1,800 ಹೋಯಿತು.

ವಾರದ ಮೇಲೆ ನಾನು ಹೋದಾಗ ಚಿಗವ್ವ ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. ಸಿಟ್ಟು ಕಳ್ಳನ ಮೇಲಲ್ಲ, ನನ್ನ ಮೇಲೆ.

“ಸ್ವೀಕರಿಸಿ ಅಂತ ಬರದಿತ್ತಪಾ. ಸ್ವೀಕಾರ ಅಂದ್ರ ತಗೊಳ್ಳೂದು ಹೌದಲ್ಲೋ? ನೀ ಕಾಲೇಜಿನಾಗ ಕನ್ನಡ ಕಲಸಾಂವ, ನೀನ ಹೇಳು.”

“ಹೌದ ಚಿಗವ್ವಾ, ತಗೊಳ್ಳೂದ.”

“ಮತ್ತ ಕೊಡೂದು ಹೆಂಗಾತು?”

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಆ ಹೊತ್ತು ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆ. ಇಂಗ್ಲಿಷಿನಲ್ಲಿ ಒಂದು ಕೋರಿಕೆಗೆ ಒಪ್ಪುವುದಕ್ಕೂ ಒಂದು ವಸ್ತುವನ್ನು ತೆಗೆದುಕೊಳ್ಳುವುದಕ್ಕೂ ಒಂದೇ ಕ್ರಿಯಾಪದ ಸಲ್ಲುತ್ತದೆ. ಅನುವಾದಕನು ನಿಘಂಟು ತೆರೆದು ಎರಡನೆಯ ಅರ್ಥವನ್ನು ಎತ್ತಿ ಮೊದಲನೆಯದರ ಸ್ಥಳದಲ್ಲಿ ಇಟ್ಟ. ಕನ್ನಡದಲ್ಲಿ ಪ್ರಶಸ್ತಿ, ಹಾರ, ಕಾಣಿಕೆಗಳನ್ನು ಸ್ವೀಕರಿಸುತ್ತೇವೆ. ಕೈಗೆ ಏನೋ ಬರುತ್ತದೆ. ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಅಂಗಡಿಕಾರನ ಮುಂದಿನ ಪುಟ್ಟ ಡಬ್ಬಿ ‘ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿದಾಗ ಅಂಗಡಿಕಾರನಿಗೆ ಹಣ ಬಂದಿರುತ್ತದೆ. ಅದೇ ಮಾತು ಚಿಗವ್ವನ ಪರದೆಯಲ್ಲಿ ಹಣ ಹೋಗುವ ಬಾಗಿಲಾಯಿತು. ‘ವಿನಂತಿ’ಯೂ ಅಂಥದೇ. ಒಬ್ಬ ವಿನಯದಿಂದ ಬೇಡುತ್ತಿದ್ದಾನೆಂಬ ಭಾವ ಅದರಲ್ಲಿದೆಯೇ ಹೊರತು ‘ನಿನ್ನ ಖಾತೆಯಿಂದ ರೊಕ್ಕ ಎಳೆದುಕೊಳ್ಳಲೇ?’ ಎಂಬ ಎಚ್ಚರಿಕೆ ಇಲ್ಲ. ಕಾವ್ಯದಲ್ಲಿ ಔಚಿತ್ಯ ತಪ್ಪಿದರೆ ರಸಭಂಗವಾಗುತ್ತದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಇಲ್ಲಿ ಔಚಿತ್ಯ ತಪ್ಪಿದ್ದಕ್ಕೆ 3,600 ರೂಪಾಯಿ ದಂಡ ಬಿತ್ತು.

ಕಳ್ಳನಿಗೆ ಈ ಶಬ್ದದೋಷ ಒಂದೇ ಸಾಧನವಾಗಿರಲಿಲ್ಲ, ಒಪ್ಪುತ್ತೇನೆ. ಇಂಗ್ಲಿಷ್ ಬಲ್ಲವರೂ ಇದೇ ಬಲೆಗೆ ಬಿದ್ದಿದ್ದಾರೆ. ಆದರೆ ಭಾಷೆಯು ಬೇಲಿಯಾಗಬಹುದಾಗಿದ್ದ ಕಡೆ ದಾರಿಯಾಯಿತು.

ಈಗ ಪತ್ರಿಕೆಗಳ ಪುಟಕ್ಕೆ ಬರುತ್ತೇನೆ. 2016ರಲ್ಲಿ ಯುಪಿಐ ಬಂದಾಗಿನಿಂದ ಹೀಗೆ ಅಪರಿಚಿತನೊಬ್ಬ ಹಣ ಕೇಳಿ ಕೋರಿಕೆ ಕಳಿಸುವ ಏರ್ಪಾಡು ಇತ್ತು. ಮೋಸಗಳು ಹೆಚ್ಚಿದ ಮೇಲೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸೂಚಿಸಿತು. ನನ್ನ ಚಿಗವ್ವನಂಥವರ ಪಾಲಿಗೆ ಅದು ಆ ವರ್ಷದ ದೊಡ್ಡ ತಂತ್ರಜ್ಞಾನ ಸುದ್ದಿ. ನಾನು ನೋಡಿದ ಒಂದು ಪುಟದಲ್ಲಿ ಅದಕ್ಕೆ ಸಿಕ್ಕಿದ್ದು ಮೂಲೆಯ ಆರು ಸಾಲು: ‘ಪಿಟುಪಿ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯ ಸ್ಥಗಿತ’. ಮೋಸದ ಬಾಗಿಲು ಮುಚ್ಚಿದ್ದು ಹೋಗಿ ಸೌಲಭ್ಯವೊಂದು ತಪ್ಪಿತೆಂಬ ಧ್ವನಿ! ಮೇಲಿನ ಅರ್ಧ ಪುಟವನ್ನು ಹೊಸ ಫೋನಿನ ಬಣ್ಣದ ಚಿತ್ರ ಆಳುತ್ತಿತ್ತು.

ಆ ಅರ್ಧ ಪುಟದ ಗದ್ಯಕ್ಕೆ ಒಂದು ಸಿದ್ಧ ಅಚ್ಚಿದೆ. ಮೊದಲ ವಾಕ್ಯದಲ್ಲಿ ಕಂಪನಿಯ ಹೆಸರು, ಎರಡನೆಯದರಲ್ಲಿ ‘ಬಹುನಿರೀಕ್ಷಿತ’ ಎಂಬ ವಿಶೇಷಣ (ನಿರೀಕ್ಷಿಸಿದವರು ಯಾರೋ ತಿಳಿಯದು), ಮೂರನೆಯದರಲ್ಲಿ 50 ಮೆಗಾಪಿಕ್ಸೆಲ್ ಕ್ಯಾಮೆರಾ, ನಾಲ್ಕನೆಯದರಲ್ಲಿ 5,000 ಎಂಎಎಚ್ ಬ್ಯಾಟರಿ, ಕೊನೆಯಲ್ಲಿ ಬೆಲೆ. ಕಂಪನಿಯ ಪ್ರಕಟಣೆಯ ಕನ್ನಡ ರೂಪಕ್ಕಿಂತ ಇದು ಹೆಚ್ಚಿನದಲ್ಲ. ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಯಲ್ಲಿ ಕವಿಯು ಸಮುದ್ರ ನೋಡದೆಯೇ ಸಮುದ್ರವನ್ನು ಬಣ್ಣಿಸುತ್ತಿದ್ದನೆಂದು ನಾವು ನಗುವುದುಂಟು. ಫೋನನ್ನು ಕೈಯಲ್ಲಿ ಹಿಡಿಯದೆ ಫೋನಿನ ವರ್ಣನೆ ಬರೆಯುವವರನ್ನು ಕಂಡು ಏಕೆ ನಗುವುದಿಲ್ಲ?

ಅಂಕಿಗಳನ್ನೇ ತೆಗೆದುಕೊಳ್ಳೋಣ. ಚಿತ್ರ ಚೆನ್ನಾಗಿ ಬರಲು ಮಸೂರವೂ ಬೆಳಕು ಹಿಡಿಯುವ ಸಂವೇದಕದ ಅಳತೆಯೂ ಮುಖ್ಯ. ಮೆಗಾಪಿಕ್ಸೆಲ್ ಒಂದರಿಂದ ಏನೂ ತಿಳಿಯದು. ಬ್ಯಾಟರಿಯ ಸಂಗತಿ ಖಾನಾಪುರ ತಾಲೂಕಿನಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯತ್ತ ಬಸ್ಸಿನಲ್ಲಿ ಹೋಗಿ ನೋಡಿ: ಕಾಡು ಒತ್ತಾದಂತೆ ಗೋಪುರದ ಸಂಕೇತ ಕ್ಷೀಣಿಸುತ್ತದೆ, ಫೋನು ಗೋಪುರವನ್ನು ಮುಟ್ಟಲು ಹೆಚ್ಚು ಶಕ್ತಿ ವ್ಯಯಿಸುತ್ತದೆ, ನಗರದಲ್ಲಿ ಎರಡು ದಿನ ಬಾಳುವ ಬ್ಯಾಟರಿ ಸಂಜೆಗೇ ಸೋಲುತ್ತದೆ. ಮಳೆಗಾಲದಲ್ಲಿ ಕರೆಂಟೂ ಇರದಿದ್ದರೆ ಕೇಳುವುದೇ ಬೇಡ. ಭೀಮಗಡದ ಕಾಡಿನ ಹಳ್ಳಿಗಳವನು ಪತ್ರಿಕೆಯನ್ನು ಕೇಳಬಹುದಾದುದು ಮೂರೇ ಮಾತು: ಸಂಕೇತ ದುರ್ಬಲವಾದಲ್ಲಿ ಇದು ಹಿಡಿಯುತ್ತದೆಯೇ, ಕೆಟ್ಟರೆ ಖಾನಾಪುರದ ಪೇಟೆಯಲ್ಲಿ ರಿಪೇರಿಯಾಗುತ್ತದೆಯೇ, ಕನ್ನಡ ಕಾಣುತ್ತದೆಯೇ. ಆ ಮೂರಕ್ಕೂ ನಮ್ಮ ಪುಟದಲ್ಲಿ ಸಾಮಾನ್ಯವಾಗಿ ಉತ್ತರವಿಲ್ಲ. ಬೆಂಗಳೂರಿನಲ್ಲಿ ಕುಳಿತ, ಕೈಯಲ್ಲಿ ಹಣವುಳ್ಳ, ಇಂಗ್ಲಿಷ್ ಬಲ್ಲ ಒಬ್ಬ ಕೊಳ್ಳುಗನನ್ನೇ ಓದುಗನೆಂದು ಅದು ಕಲ್ಪಿಸಿಕೊಂಡಿದೆ. ಅಂಥವನು ಕನ್ನಡ ಪತ್ರಿಕೆಯ ಈ ಪುಟಕ್ಕಾಗಿ ಕಾಯುವನೇ?

ಕನ್ನಡಕ್ಕೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲೇ ‘ವಿಜ್ಞಾನ’ವೆಂಬ ಮಾಸಪತ್ರಿಕೆ ಹೊರಡಿಸಿದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ ಬರೆದಾಗ ಮಗುವಿಗೆ ಅರ್ಥವಾಗದ ಮಾತು ತಮ್ಮ ದೋಷವೆಂದು ತಿಳಿದವರಂತೆ ಬರೆದರು. ನಮ್ಮ ಕಾಲದಲ್ಲೂ ಡಾ. ಯು. ಬಿ. ಪವನಜರ ‘ಗ್ಯಾಜೆಟ್ ಲೋಕ’ ಅಂಕಣದಲ್ಲಿ ಸಾಧನವನ್ನು ಬಳಸಿ ನೋಡಿದ ಮೇಲೆ ಬರೆದ ಮಾತಿತ್ತು. ಅದರಲ್ಲಿ ಕನ್ನಡದ ಅಕ್ಷರ ಸರಿಯಾಗಿ ಕಾಣುವುದೇ, ಕನ್ನಡ ಕೀಲಿಮಣೆ ಇದೆಯೇ ಎಂಬುದನ್ನು ಅವರು ತಪ್ಪದೆ ಹೇಳುತ್ತಿದ್ದರು. ಅವರ ವಾಕ್ಯಗಳು ಒಣಗಿದಂತೆ ಕೆಲವೊಮ್ಮೆ ನನಗೆ ಕಂಡುವು. ಆದರೆ ಅದು ಕಂಡದ್ದನ್ನು ಹೇಳುವವನ ಒಣಗುತನ. ಸುಳ್ಳು ರಸಕ್ಕಿಂತ ಸಾವಿರಪಾಲು ಲೇಸು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ‘ಬರಹ’, ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಕನ್ನಡದ ಅಕ್ಷರವನ್ನು ಯಂತ್ರದೊಳಗೆ ಕೂರಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಅರ್ಥವನ್ನು ಕೂರಿಸುವ ಕೆಲಸಕ್ಕೆ ಕನ್ನಡ ಮೇಷ್ಟ್ರುಗಳಾದ ನಾವು ಕೈ ಹಚ್ಚಿಯೇ ಇಲ್ಲ.

‘ಹಚ್ಚು’ ಎಂದೆ, ಆ ಶಬ್ದವನ್ನೇ ನೋಡಿ. ನಮ್ಮ ಪಂಡಿತರು ಮೊಬೈಲಿಗೆ ಜಂಗಮವಾಣಿ, ಚರವಾಣಿ, ಸಂಚಾರಿ ದೂರವಾಣಿ ಎಂದು ಹೆಸರಿಟ್ಟರು. ‘ಅಂತರ್ಜಾಲ’, ‘ಜಾಲತಾಣ’ಗಳು ಪತ್ರಿಕೆಯಲ್ಲಿ ನಿಂತವು, ಇವು ನಿಲ್ಲಲಿಲ್ಲ. ನಮ್ಮ ಕಡೆಯ ಜನ ನಾಮಪದದ ಗೊಡವೆಗೇ ಹೋಗಲಿಲ್ಲ. ‘ಫೋನ್ ಹಚ್ಚು’ ಎಂದರು. ದೀಪ ಹಚ್ಚುವ, ಅರಿಸಿನ ಹಚ್ಚುವ, ಮಗನನ್ನು ಸಾಲಿಗೆ ಹಚ್ಚುವ ಅದೇ ಕ್ರಿಯಾಪದವನ್ನು ತಂದು ಪರದೇಶದ ವಸ್ತುವಿನ ಬೆನ್ನಿಗೆ ಅಂಟಿಸಿದರು, ವಸ್ತು ಮನೆಯದಾಯಿತು. ಗುಂಡಿಗಳ ಕನ್ನಡವನ್ನು ಬರೆಯುವವರು ನಿಘಂಟಿಗೆ ಹೋಗುವ ಮೊದಲು ಖಾನಾಪುರದ ರವಿವಾರದ ಸಂತೆಗೆ ಒಮ್ಮೆ ಹೋಗಿ ಬಂದಿದ್ದರೆ ‘ರೊಕ್ಕ ಕೊಡು’, ‘ಬ್ಯಾಡ’ ಎಂಬ ಎರಡು ಮಾತುಗಳು ಸುಲಭವಾಗಿ ಸಿಕ್ಕುತ್ತಿದ್ದುವು. ಗ್ರಾಮ್ಯವಾಯಿತೆಂದು ಯಾರಾದರೂ ಆಕ್ಷೇಪಿಸಿಯಾರು. ‘ಹಣ ಕೊಡಿ’ ಎನ್ನಲಿ. ಅದು ಗ್ರಂಥಸ್ಥ ಕನ್ನಡವೇ.

ಚಿಗವ್ವನ ದುಡ್ಡು ಮರಳಲಿಲ್ಲ. 1930ಕ್ಕೆ ಕೂಡಲೇ ಫೋನ್ ಮಾಡಿ ದೂರಬೇಕೆಂಬುದು ಅವಳಿಗೆ ಗೊತ್ತಾದದ್ದು ನಾನು ಹೋದ ಮೇಲೆ, ಎಂಟು ದಿನ ತಡವಾಗಿ. ಈ ವರ್ಷ ಹೋದಾಗ ಅವಳ ಫೋನಿನ ಬೆನ್ನಿಗೆ ಮೊಮ್ಮಗಳು ಒಂದು ಚೀಟಿ ಅಂಟಿಸಿದ್ದನ್ನು ಕಂಡೆ. ಒಂದು ಸಾಲು ಕನ್ನಡದಲ್ಲಿ, ಅದರ ಕೆಳಗೆ ಅದೇ ಮಾತು ಮರಾಠಿಯಲ್ಲಿ, ಏಕೆಂದರೆ ಪಕ್ಕದ ಮನೆಯ ಆಯಿಯೂ ಅದೇ ಫೋನಿನಿಂದ ಮಗನಿಗೆ ರೊಕ್ಕ ಕಳಿಸುತ್ತಾಳೆ. ಕನ್ನಡದ ಸಾಲು ಹೀಗಿತ್ತು: “ನಂಬರ ಒತ್ತಿದರ ರೊಕ್ಕ ಹೋಗತೈತಿ, ಬರೂದಿಲ್ಲ.”