ಜಪಾನೀ ಮೂಲದ ಪದಗಳು ಮತ್ತು ಕನ್ನಡದ ‘ಅನ್ಯದೇಶ್ಯ’ ವರ್ಗ

ಪಾಲಬಾವಿ ಎಂಬ ಗ್ರಾಮನಾಮದ ಉತ್ತರಪದವಾದ ‘ಬಾವಿ’ ಸಂಸ್ಕೃತದ ‘ವಾಪಿ’ಯ ತದ್ಭವ. ರಾಯಬಾಗ ತಾಲ್ಲೂಕಿನ ಈ ಊರಿನ ಹೆಸರನ್ನು ಉಚ್ಚರಿಸುವವರಿಗೆ ಅದರಲ್ಲಿ ಎರವಲಿನ ಸುಳಿವೇ ಸಿಗುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಇಂತಹ ರೂಪಾಂತರಗಳಿಗೆ ನಿಯಮಗಳನ್ನು ಹೇಳಿದನು. ಸಂಸ್ಕೃತೇತರ ಭಾಷೆಗಳಿಂದ ಬಂದ ಪದಗಳ ವಿಷಯದಲ್ಲಿ ಈ ಎಚ್ಚರ ಮುಂದುವರಿಯಲಿಲ್ಲ. ಅವೆಲ್ಲವನ್ನೂ ‘ಅನ್ಯದೇಶ್ಯ’ದಲ್ಲಿ ಕೂಡಿಹಾಕಿ ಇಂಗ್ಲಿಷ್, ಪೋರ್ಚುಗೀಸ್, ಪಾರಸಿ, ಅರಬ್ಬಿ ಎಂದು ಪಟ್ಟಿ ಕೊಡುವುದು ಶಾಲಾ ವ್ಯಾಕರಣಗಳ ರೂಢಿಯಾಗಿದೆ. ಈ ಪಟ್ಟಿಯ ಕೊರತೆಯು ಜಪಾನೀ ಮೂಲದ ಪದಗಳನ್ನು ಪರಿಶೀಲಿಸಿದಾಗ ಎದ್ದು ಕಾಣುತ್ತದೆ. ಕನ್ನಡದಲ್ಲಿ ರೂಢಿಗೆ ಬಂದ ಇಂತಹ ಪದಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದವು. ಅವನ್ನು ‘ಜಪಾನೀ’ ಎಂದರೂ ‘ಇಂಗ್ಲಿಷ್’ ಎಂದರೂ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಇವುಗಳಲ್ಲಿ ಅತ್ಯಂತ ಬಳಕೆಯ ಪದ ‘ರಿಕ್ಷಾ’. ಜಪಾನಿನಲ್ಲಿ ಅದು ‘ಜಿನ್‌ರಿಕಿಶಾ’. ‘ಜಿನ್’ ಎಂದರೆ ಮನುಷ್ಯ, ‘ರಿಕಿ’ ಎಂದರೆ ಬಲ, ‘ಶಾ’ ಎಂದರೆ ಗಾಡಿ. ಈ ಮೂರು ಘಟಕಗಳೂ ಜಪಾನೀ ಭಾಷೆಗೆ ಚೀನೀ ಭಾಷೆಯಿಂದ ಬಂದವು. ‘ಮೂಲ’ವೆಂಬುದು ಅಲ್ಲಿಯೂ ನಿಲ್ಲುವುದಿಲ್ಲ. 1870ರ ಸುಮಾರಿಗೆ ಟೋಕಿಯೋದಲ್ಲಿ ಬಳಕೆಗೆ ಬಂದ ಈ ಗಾಡಿ 1880ರ ದಶಕದಲ್ಲಿ ಶಿಮ್ಲಾದ ಆಂಗ್ಲರ ವಾಹನವಾಗಿತ್ತು. ಕಿಪ್ಲಿಂಗ್ ತನ್ನ 1888ರ ಕಥಾಸಂಕಲನದ ಶೀರ್ಷಿಕೆಯಲ್ಲಿ ಪದದ ಮುಂದೆ ಲೋಪಚಿಹ್ನೆಯನ್ನು ಇರಿಸಿದ್ದಾನೆ. ‘ಜಿನ್’ ಬಿದ್ದುಹೋದುದರ ಅರಿವು ಅಂದಿನ ಬರಹಗಾರರಿಗೆ ಇನ್ನೂ ಇದ್ದಿತು. ಗಾಡಿಯನ್ನು ಮನುಷ್ಯ ಎಳೆಯುತ್ತಲೇ ಇದ್ದಾಗ ಪದದೊಳಗಿನ ಮನುಷ್ಯ ಮರೆಯಾದನು. ಆ ಬಳಿಕ ‘ಸೈಕಲ್ ರಿಕ್ಷಾ’, ‘ಆಟೊರಿಕ್ಷಾ’ಗಳಿಗೆ ಅಡ್ಡಿ ಉಳಿಯಲಿಲ್ಲ. ಬೆಂಗಳೂರಿನ ಮಾತಿನಲ್ಲಿ ‘ಆಟೊ’ ಮಾತ್ರ ಉಳಿದು ಜಪಾನೀ ಭಾಗವೂ ಹೋಯಿತು. ಕರಾವಳಿಯಲ್ಲಿಯೂ ಬೆಳಗಾವಿಯ ಕಡೆಯೂ ‘ರಿಕ್ಷಾ’ ಇನ್ನೂ ಕೇಳಿಬರುತ್ತದೆ.

ಗಡಿಭಾಗದಲ್ಲಿ ಪದದ ಮೂಲವು ಬರಿಯ ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಹಾಜನ ಆಯೋಗದ 1967ರ ವರದಿಯ ಹಿಂದೆಯೂ ಮುಂದೆಯೂ ಇಲ್ಲಿ ಭಾಷೆಯೇ ಹಕ್ಕಿನ ದಾಖಲೆಯಾಗಿ ಬಳಕೆಯಾಗಿದೆ. ಹಿಂದಿಯು ‘ರಿಕ್ಶಾ’ ಎಂದು ಶಕಾರದಲ್ಲಿ ಬರೆದರೆ ಮರಾಠಿಯೂ ಕನ್ನಡವೂ ‘ಕ್ಷ’ ಬಳಸುತ್ತವೆ. ಇದರಿಂದ ಪದವು ಮರಾಠಿಯ ಮೂಲಕವೇ ಬಂದಿತೆಂದು ವಾದಿಸುವುದು ಸುಲಭ. ಆದರೆ ಎಲೆಕ್ಷನ್, ಸೆಕ್ಷನ್ ಎಂಬ ಇಂಗ್ಲಿಷ್ ಪದಗಳಿಗೂ ಕನ್ನಡವು ‘ಕ್ಷ’ವನ್ನೇ ಬಳಸಿದೆ. ಆದ್ದರಿಂದ ಬರಹದ ಹೋಲಿಕೆಯೊಂದೇ ಸಾಕ್ಷ್ಯವಾಗಲಾರದು. ಪದದ ಕೊನೆಯ ಸ್ವರ ಇದಕ್ಕಿಂತ ನಂಬಿಕೆಗೆ ಅರ್ಹ. ಶಿಕ್ಷಾ, ರಕ್ಷಾ ಎಂಬ ಸಂಸ್ಕೃತ ಪದಗಳು ಶಿಕ್ಷೆ, ರಕ್ಷೆಗಳಾದವು. ಪಾರಸಿ-ಅರಬ್ಬಿ ಮೂಲದವು ಕಾರ್ಖಾನೆ, ದರ್ಜೆ, ತಗಾದೆಗಳಾದವು. ‘ರಿಕ್ಷಾ’ ಮಾತ್ರ ‘ರಿಕ್ಷೆ’ಯಾಗಲಿಲ್ಲ. ‘ಕ್ಷ’ದಿಂದ ಸಂಸ್ಕೃತದ ವೇಷ ತೊಟ್ಟಿದ್ದರೂ ಕೊನೆಯಲ್ಲಿ ಅದು ಸಿನಿಮಾ, ಸೋಫಾಗಳ ಗುಂಪಿಗೆ ಸೇರುತ್ತದೆ. ಆದರೂ ‘ರಿಕ್ಷಾದಾಗ’ ಎಂಬ ಉತ್ತರ ಕರ್ನಾಟಕದ ಪ್ರಯೋಗದಲ್ಲಿ ಕನ್ನಡದ ಪ್ರತ್ಯಯವನ್ನು ಅದು ಸಲೀಸಾಗಿ ಒಪ್ಪಿಕೊಂಡಿದೆ.

ಇಂಗ್ಲಿಷಿನ ಮುದ್ರೆ ‘ಕರಾಟೆ’, ‘ಜೂಡೋ’ಗಳಲ್ಲಿ ಇನ್ನೂ ನಿಚ್ಚಳವಾಗಿದೆ. ಜಪಾನೀ ಉಚ್ಚಾರಣೆಯ ಆ ವ್ಯಂಜನಗಳು ಕನ್ನಡದ ತಕಾರ, ದಕಾರಗಳಿಗೆ ಹತ್ತಿರದವು. ಅವು ಮೂರ್ಧನ್ಯವಾದುದು ಇಂಗ್ಲಿಷನ್ನು ಹಾದುಬಂದುದರಿಂದ. 2004ರ ಡಿಸೆಂಬರ್ 26ರ ದುರಂತದ ನಂತರ ಮನೆಮಾತಾದ ‘ಸುನಾಮಿ’ಯೂ ಮೊದಲ ವ್ಯಂಜನದ ‘ತ್’ ಅಂಶವನ್ನು ಅದೇ ದಾರಿಯಲ್ಲಿ ಕಳೆದುಕೊಂಡಿತು. ಹೀಗಿದ್ದೂ ಈ ಪದಗಳು ಕನ್ನಡದಲ್ಲಿ ಪರಕೀಯವೆನಿಸುವುದಿಲ್ಲ. ಸ್ವರಾಂತವಾಗಿರುವುದೇ ಇದಕ್ಕೆ ಕಾರಣ. ಇಂಗ್ಲಿಷಿನ ವ್ಯಂಜನಾಂತ ಪದಕ್ಕೆ ಸ್ವರ ಸೇರಿಸಿ ಕನ್ನಡವು ‘ಬಸ್ಸು’ ಎಂದರೆ ಜಪಾನೀ ಭಾಷೆ ‘ಬಸು’ ಎನ್ನುತ್ತದೆ. ಇಲ್ಲಿ ‘ಬೆಡ್ಡು’, ಅಲ್ಲಿ ‘ಬೆಡ್ಡೊ’. ಈ ಸಾದೃಶ್ಯದಿಂದ ಭಾಷಾಬಾಂಧವ್ಯವನ್ನು ಊಹಿಸಬೇಕಾಗಿಲ್ಲ. ತಮಿಳು ಮತ್ತು ಜಪಾನೀ ಭಾಷೆಗಳಿಗೆ ಅಂತಹ ನಂಟು ಕಟ್ಟಲು ಯತ್ನಿಸಿದ ಸುಸುಮು ಓನೋ ಅವರ ವಾದವನ್ನು ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.

ಬೆಳಗಾವಿ ಜಿಲ್ಲೆಯ ಮುಂಗಾರು ಬೆಳೆಗಳಲ್ಲೊಂದಾದ ಸೋಯಾದ ಹೆಸರು ಇನ್ನೂ ಸುತ್ತುದಾರಿಯಲ್ಲಿ ಬಂದಿದೆ. ಜಪಾನೀ ‘ಶೋಯು’ ಎಂಬುದು ಕಾಳನ್ನು ಹುದುಗಿಸಿ ಮಾಡಿದ ರಸದ ಹೆಸರು. ಕಾಳಿಗೆ ಅಲ್ಲಿ ‘ದಾಯಿಜು’ ಎಂಬ ಬೇರೆಯೇ ಹೆಸರಿದೆ. 1641ರಿಂದ ನಾಗಸಾಕಿಯ ದೆಜಿಮಾ ದ್ವೀಪದಲ್ಲಿ ನೆಲೆಯೂರಿದ್ದ ಡಚ್ ವರ್ತಕರ ಬಾಯಲ್ಲಿ ಪದ ರೂಪಾಂತರಗೊಂಡು, ಯುರೋಪಿನಲ್ಲಿ ರಸದ ಹೆಸರೇ ಕಾಳಿಗೆ ಅಂಟಿತು. ಕೃಷಿ ಬರಹಗಳ ‘ಸೋಯಾ ಅವರೆ’ಯಲ್ಲಿ ಅಚ್ಚಕನ್ನಡದ ‘ಅವರೆ’ ಸೇರಿ ಆ ಅದಲುಬದಲು ಖಾಯಂ ಆಯಿತು. ಈ ಪದದ ಮುಂದೆ ನಿಘಂಟುಕಾರನು ಯಾವ ಭಾಷೆಯ ಹೆಸರನ್ನು ಬರೆಯಬೇಕು? ಕಿಟೆಲ್ 1894ರ ಕೋಶದಲ್ಲಿ ಆಕರ ಭಾಷೆಗಳನ್ನು ಸಂಕೇತಾಕ್ಷರಗಳಿಂದ ಸೂಚಿಸಿದುದು ಆ ಕಾಲಕ್ಕೆ ದೊಡ್ಡ ಸಾಧನೆ. ಜಿ. ವೆಂಕಟಸುಬ್ಬಯ್ಯನವರ ‘ಎರವಲು ಪದಕೋಶ’ವು ಈ ಪದಗಳಿಗೆ ಪ್ರತ್ಯೇಕ ಕೋಶದ ಘನತೆಯನ್ನು ನೀಡಿತು. ಇಂತಹ ಪದಗಳಿಗಾದರೋ ಮೂಲಭಾಷೆಯೊಂದರ ಹೆಸರು ಸಾಲದು. ಹಾದುಬಂದ ಭಾಷೆಗಳನ್ನೂ ನಡುದಾರಿಯ ಅರ್ಥಪಲ್ಲಟವನ್ನೂ ನಮೂದಿಸಬೇಕಾಗುತ್ತದೆ.

ವರ್ಗೀಕರಣದ ಇಕ್ಕಟ್ಟು ಪೂರ್ತಿಯಾಗಿ ಬಯಲಾಗುವುದು ‘ಝೆನ್’ ಪದದಲ್ಲಿ. ಸಂಸ್ಕೃತದ ‘ಧ್ಯಾನ’ವು ಬೌದ್ಧಧರ್ಮದೊಡನೆ ಚೀನಾಕ್ಕೆ ಹೋಗಿ ‘ಚಾನ್’ ಆಯಿತು. ಜಪಾನಿನಲ್ಲಿ ‘ಝೆನ್’ ಆಗಿ, ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಗ್ರಂಥಗಳ ಮೂಲಕ ಕನ್ನಡಕ್ಕೆ ಬಂದಿತು. ಸಂಧ್ಯಾ ಎಂಬುದು ಸಂಜೆಯಾದ ನಿಯಮದಲ್ಲಿಯೇ ‘ಧ್ಯಾನ’ವು ಹಳಗನ್ನಡದಲ್ಲಿ ‘ಜಾನ’ವಾಗಿತ್ತು. ಹೀಗೆ ಒಂದೇ ಪದವು ಕನ್ನಡದಲ್ಲಿ ಧ್ಯಾನ, ಜಾನ, ಝೆನ್ ಎಂದು ಮೂರು ರೂಪಗಳಲ್ಲಿದೆ. ಮೊದಲನೆಯದನ್ನು ತತ್ಸಮದಲ್ಲಿ, ಎರಡನೆಯದನ್ನು ತದ್ಭವದಲ್ಲಿ, ಮೂರನೆಯದನ್ನು ಅನ್ಯದೇಶ್ಯದಲ್ಲಿ ಇರಿಸುವ ವ್ಯಾಕರಣದಲ್ಲಿ ಇವು ಒಡಹುಟ್ಟಿದವೆಂಬ ಸಂಗತಿಗೆ ಸ್ಥಳವೇ ಇಲ್ಲ.